ಟ್ಯುನೀಶಿಯಾದಲ್ಲಿ ಕ್ರಾಂತಿಯಾದ ಮೇಲೆ ಎಡಪಕ್ಷಗಳ ಚುನಾವಣಾ ಮೈತ್ರಿ: ಶೇ. 3.6 ಮತಕ್ಕೆ 15 ಸೀಟು ಬಂದದ್ದು ಹೇಗೆ, ಆಮೇಲೆ ಎಲ್ಲಾ ಕರಗಿದ್ದು ಯಾಕೆ?

ಜ್ಞಾನಭಾರತಿ ಬೆಂಚು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಎಂ.ಎ. ರಾಜ್ಯಶಾಸ್ತ್ರದ ಸೆಮಿನಾರಿಗೆ ಟ್ಯುನೀಶಿಯಾದ ಎಡಪಕ್ಷಗಳ ಜನರಂಗವನ್ನು ತಗೊಂಡಿದ್ದೇನೆ. ಅಂಕಿಅಂಶ ಕೈಯಲ್ಲಿದೆ, ಅದರ ಹಿಂದಿನ ಲೆಕ್ಕ ಮಾತ್ರ ಹತ್ತುತ್ತಿಲ್ಲ.

2011ರ ಜನವರಿ 14ರಂದು ಸರ್ವಾಧಿಕಾರಿ ಅಧ್ಯಕ್ಷ ಬೆನ್ ಅಲಿ ದೇಶ ಬಿಟ್ಟು ಪರಾರಿ. ಅಕ್ಟೋಬರ್ 23ಕ್ಕೆ 217 ಸ್ಥಾನಗಳ ಸಂವಿಧಾನ ಸಭೆಗೆ ಚುನಾವಣೆ. ಹಮ್ಮಾ ಹಮ್ಮಾಮಿಯವರ ಕಮ್ಯುನಿಸ್ಟ್ ಕಾರ್ಮಿಕರ ಪಕ್ಷಕ್ಕೆ 3 ಸೀಟು, ಶುಕ್ರಿ ಬೆಲಾಯಿದ್ ಅವರ ಡೆಮಾಕ್ರಟಿಕ್ ಪೇಟ್ರಿಯಟ್ಸ್‌ಗೆ 1. 2012ರ ಅಕ್ಟೋಬರಿನಲ್ಲಿ ಇವರೂ ಇನ್ನಷ್ಟು ಎಡ ಮತ್ತು ಅರಬ್ ರಾಷ್ಟ್ರೀಯವಾದಿ ಗುಂಪುಗಳೂ ಸೇರಿ ಜನರಂಗ ಕಟ್ಟಿದರು. 2014ರಲ್ಲಿ ಅದಕ್ಕೆ 15 ಸೀಟು, ಮತ ಮಾತ್ರ ಶೇ. 3.6. 2019ರಲ್ಲಿ 1 ಸೀಟು.

ನಮ್ಮಲ್ಲಿ ಶೇ. 3.6 ಮತ ಚದುರಿದಂತೆ ಬಂದರೆ ಠೇವಣಿಯೂ ಉಳಿಯಲ್ಲ. ಅಲ್ಲಿ ಅದಕ್ಕೆ ಸುಮಾರು ಶೇ. 7ರಷ್ಟು ಸೀಟು ಹೇಗೆ? ಕ್ಷೇತ್ರ ಹಂಚಿಕೆಯೇ ಇಲ್ಲದ ಪದ್ಧತಿಯಲ್ಲಿ ಮೈತ್ರಿ ಪಕ್ಷಗಳು ಹಂಚಿಕೊಳ್ಳುವುದಾದರೂ ಏನನ್ನು? ಒಡೆದದ್ದು ಸಿದ್ಧಾಂತಕ್ಕೋ, ಕುರ್ಚಿಗೋ? ಬೇರೆ ದೇಶದ ಹೋಲಿಕೆ ಇದ್ದರೆ ಅದೂ ಬೇಕು.

---

ಲೆಕ್ಕದ ಬುಕ್ಕು:

ಮೊದಲನೇ ಪ್ರಶ್ನೆಗೆ ಉತ್ತರ ಪೂರ್ತಿ ಸೀಟು ಲೆಕ್ಕದಲ್ಲೇ ಇದೆ. ಟ್ಯುನೀಶಿಯಾದಲ್ಲಿ ಆಗ ಇದ್ದದ್ದು 33 ಕ್ಷೇತ್ರ: ಒಳಗೆ 27, ವಿದೇಶದಲ್ಲಿರುವವರಿಗೆ 6. ಒಳಗಿನ ಒಂದೊಂದು ಕ್ಷೇತ್ರಕ್ಕೂ 4ರಿಂದ 10 ಸೀಟು. ಮತ ಬೀಳುತ್ತಿದ್ದುದು ಪಕ್ಷದ ಪಟ್ಟಿಗೆ, ಪಟ್ಟಿಯಲ್ಲಿ ಹೆಸರುಗಳ ಸರದಿ ಮೊದಲೇ ನಿಗದಿ. ಹಂಚಿಕೆ ಹೇರ್ ಕೋಟಾ ಮತ್ತು ದೊಡ್ಡ ಶೇಷದ ಪದ್ಧತಿಯಲ್ಲಿ. ಕನಿಷ್ಠ ಇಷ್ಟು ಶೇಕಡಾ ಮತ ಬರಲೇಬೇಕು ಅನ್ನುವ ಹೊಸ್ತಿಲು ಆ ಚುನಾವಣೆಗಳಲ್ಲಿ ಇರಲಿಲ್ಲ.

ಒಂದು ಕಲ್ಪಿತ ಕ್ಷೇತ್ರ ಇಟ್ಟುಕೊಂಡು ಲೆಕ್ಕ ಹಾಕಿ. 8 ಸೀಟು, 1,20,000 ಸಿಂಧು ಮತ. ಕೋಟಾ ಅಂದರೆ 1,20,000 ಭಾಗಿಸು 8, 15,000.

ಅ ಪಟ್ಟಿ: 48,000
ಆ: 15,500
ಇ: 9,500
ಈ: 7,000
ಉ: 5,000
ಊ: 4,500
ಎಡ ಒಂದು: 3,400
ಎಡ ಎರಡು: 2,600
ಎಡ ಮೂರು: 1,900
ಉಳಿದ 22,600 ಮತ ಇಪ್ಪತ್ತು ಇಪ್ಪತ್ತೈದು ಪುಡಿ ಪಟ್ಟಿಗಳಿಗೆ, ಯಾವುದೂ 1,800 ದಾಟಿಲ್ಲ.

ಪೂರ್ತಿ ಕೋಟಾಕ್ಕೆ ಮೊದಲು ಸೀಟು ಕೊಡಿ. ಅ ಪಟ್ಟಿಗೆ 3, ಕೈಯಲ್ಲಿ ಉಳಿದದ್ದು 3,000. ಆ ಪಟ್ಟಿಗೆ 1, ಉಳಿದದ್ದು 500. ನಾಲ್ಕು ಸೀಟು ಹೋಯಿತು, ಇನ್ನು ನಾಲ್ಕಿದೆ. ಅವು ಶೇಷ ಹೆಚ್ಚಿರುವವರಿಗೆ ಸರದಿ ಪ್ರಕಾರ: ಇ, ಈ, ಉ, ಊ. ಕೊನೆಯ ಸೀಟು 4,500ಕ್ಕೆ ಹೋಯಿತು. ಎಡದ ಮೂರೂ ಪಟ್ಟಿ ಸೊನ್ನೆ.

ಈಗ ಆ ಮೂರನ್ನು ಒಂದೇ ಪಟ್ಟಿ ಮಾಡಿ: 7,900. ಶೇಷದ ಸಾಲಿನಲ್ಲಿ ಇ ಆದ ಮೇಲೆ ಎರಡನೆಯದು. ಒಂದು ಸೀಟು ಖಚಿತ, ಊ ಹೊರಕ್ಕೆ. ಶೇ. 6.6 ಮತಕ್ಕೆ ಶೇ. 12.5 ಸೀಟು. ಅ ಪಟ್ಟಿಗೆ ಒಂದೊಂದು ಸೀಟಿಗೆ 16,000 ಮತ ಖರ್ಚಾದರೆ ಕೂಟಕ್ಕೆ 7,900ಕ್ಕೇ ಮುಗೀತು. 3.6ಕ್ಕೆ 15 ಬಂದ ಗುಟ್ಟು ಇಷ್ಟೇ. ರಂಗಕ್ಕೆ ಗಟ್ಟಿಯಿದ್ದ ಕ್ಷೇತ್ರಗಳಲ್ಲಿ ಶೇಷದ ಸೀಟು ಅಗ್ಗಕ್ಕೆ ಸಿಕ್ಕಿತು.

2011ರಲ್ಲಿ ದೇಶದಲ್ಲಿ 1,500ಕ್ಕೂ ಹೆಚ್ಚು ಪಟ್ಟಿಗಳು ಕಣದಲ್ಲಿದ್ದವು. ಒಂದೂ ಸೀಟು ಗೆಲ್ಲದ ಪಟ್ಟಿಗಳ ಪಾಲಾದ ಮತ ಹತ್ತಿರ ಹತ್ತಿರ ಮೂರನೇ ಒಂದು ಭಾಗ. ಎಡದ ಮತಗಳಲ್ಲೂ ಒಂದಷ್ಟು ಆ ಗುಂಡಿಗೇ ಬಿತ್ತು.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಈ ಪದ್ಧತಿಯಲ್ಲಿ ಒಗ್ಗಟ್ಟು ಯಾವಾಗಲೂ ಲಾಭವಲ್ಲ. ಇದೇ ಕ್ಷೇತ್ರದಲ್ಲಿ ಎರಡು ಎಡಪಕ್ಷಗಳಿಗೆ ತಲಾ 8,000 ಇದೆ ಅನ್ನಿ. ಬೇರೆ ನಿಂತರೆ ಇಬ್ಬರಿಗೂ ಶೇಷದಲ್ಲಿ ಒಂದೊಂದು, ಒಟ್ಟು 2. ಸೇರಿ ನಿಂತರೆ 16,000: ಕೋಟಾಕ್ಕೆ 1, ಉಳಿದ 1,000 ಯಾತಕ್ಕೂ ಬಾರದು. ಕೂಡಿ ಒಂದು ಸೀಟು ಕಳೆದುಕೊಂಡ ಹಾಗಾಯಿತು. ಒಬ್ಬೊಬ್ಬರೂ ಕೊನೆಯ ಶೇಷಕ್ಕಿಂತ ಕೆಳಗಿದ್ದು, ಕೂಡಿದರೆ ಮಾತ್ರ ಅದನ್ನು ದಾಟುವ ಕ್ಷೇತ್ರದಲ್ಲಿ ಮೈತ್ರಿಗೆ ಬೆಲೆ. ಕ್ಷೇತ್ರವಾರು ಈ ಲೆಕ್ಕ ಹಾಕದೆ 'ಎಡ ಒಂದಾಗಿದ್ದರೆ' ಅಂತ ಬರೆದರೆ ಸೆಮಿನಾರಿನಲ್ಲಿ ಮೊದಲ ಪ್ರಶ್ನೆಗೇ ಸಿಕ್ಕಿಬೀಳ್ತೀರಿ.

---

ಜ್ಞಾನಭಾರತಿ ಬೆಂಚು:

ಸರ್, ತುಂಬಾ ಥ್ಯಾಂಕ್ಸ್. ಇದೇ ಅಂಕಿಗೆ ಡಿಹಾಂಟ್ ಅನ್ನುವ ಇನ್ನೊಂದು ಸೀಟು ಹಂಚಿಕೆ ಸೂತ್ರ ಹಾಕಿದರೆ?

---

ಲೆಕ್ಕದ ಬುಕ್ಕು:

ಒಂದೊಂದು ಪಟ್ಟಿಯ ಮತವನ್ನೂ 1, 2, 3, 4 ಅಂತ ಭಾಗಿಸುತ್ತಾ ಹೋಗಿ, ದೊಡ್ಡ ಎಂಟು ಭಾಗಲಬ್ಧ ಆರಿಸಿ. ಅ ಪಟ್ಟಿಯ 48,000, 24,000, 16,000. ಆಮೇಲೆ ಆ ಪಟ್ಟಿಯ 15,500. ಮತ್ತೆ ಅ ಪಟ್ಟಿಯ 12,000, 9,600. ಇ ಪಟ್ಟಿಯ 9,500. ಎಂಟನೆಯದು ಮತ್ತೆ ಅ ಪಟ್ಟಿಯದೇ 8,000. ಅ ಪಟ್ಟಿಗೆ 8ರಲ್ಲಿ 6 ಸೀಟು! ಎಡಕೂಟದ 7,900 ಕೇವಲ ನೂರರ ಅಂತರದಲ್ಲಿ ಹೊರಗುಳಿಯಿತು.

2011ರಲ್ಲಿ ಮೊದಲ ಸ್ಥಾನಕ್ಕೆ ಬಂದ ಇಸ್ಲಾಮ್‌ವಾದಿ ಪಕ್ಷ ಎನ್ನಹ್ದಾ ಶೇ. 37 ಮತಕ್ಕೆ 89 ಸೀಟಿಗೇ ನಿಂತದ್ದು ದೊಡ್ಡ ಶೇಷದ ಪದ್ಧತಿಯಿಂದಲೇ. ಡಿಹಾಂಟ್ ಇದ್ದಿದ್ದರೆ ಸಂವಿಧಾನ ಬರೆದ ಸಭೆಯಲ್ಲಿ ಒಂದೇ ಪಕ್ಷಕ್ಕೆ ಸಲೀಸಾಗಿ ಬಹುಮತ ಬರುತ್ತಿತ್ತು.

---

ಚಾಮರಾಜಪೇಟೆ ಚಂದಾದಾರ:

ಎರಡನೇ ಪ್ರಶ್ನೆಗೆ ಬರೋಣ. ಹಂಚಿಕೊಳ್ಳುವುದು ಪಟ್ಟಿಯ ತಲೆಯನ್ನು.

ಮೇಲಿನ ಲೆಕ್ಕ ನೋಡಿದಿರಲ್ಲ, ಕೂಟಕ್ಕೆ ಒಂದು ಕ್ಷೇತ್ರದಲ್ಲಿ ಬರುವುದು ಹೆಚ್ಚೆಂದರೆ ಒಂದು ಸೀಟು. ಅಂದರೆ ಪಟ್ಟಿಯ ಮೊದಲ ಹೆಸರಿಗೆ ಮಾತ್ರ ಬೆಲೆ. ಎರಡನೆಯವರಿಂದ ಕೊನೆಯವರವರೆಗೆ ಎಲ್ಲರೂ ಊರೂರು ತಿರುಗಿ ಕರಪತ್ರ ಹಂಚುವುದಕ್ಕೆ. ಹತ್ತು ಹನ್ನೆರಡು ಪಕ್ಷಗಳ ಕೂಟಕ್ಕೆ ಇದ್ದದ್ದು 33 ತಲೆ. ಅದರಲ್ಲಿ ಗೆಲ್ಲುವ ಸಾಧ್ಯತೆಯಿದ್ದದ್ದು ಹದಿನೈದಿಪ್ಪತ್ತು. ದೊಡ್ಡ ಪಕ್ಷಗಳು ಗಟ್ಟಿ ಜಿಲ್ಲೆ ಹಿಡಿದುಕೊಂಡರೆ ಸಣ್ಣವಕ್ಕೆ ಸಿಗುವುದು ಸೋಲುವ ಜಿಲ್ಲೆಯ ತಲೆ. ನಮ್ಮಲ್ಲಿ ಮೈತ್ರಿ ಆದಾಗ ಗೆಲ್ಲದ ಕ್ಷೇತ್ರವನ್ನು ಮಿತ್ರಪಕ್ಷಕ್ಕೆ ದಾಟಿಸ್ತಾರಲ್ಲ, ಅದೇ ವರಸೆ.

ಚೌಕಾಶಿಗೆ ಕೂರುವಾಗ ಮೂರು ಅಂಕಿ ಬೇಕಾಗುತ್ತದೆ: ಕಳೆದ ಸಲ ಆ ಕ್ಷೇತ್ರದಲ್ಲಿ ಕೊನೆಯ ಶೇಷದ ಸೀಟು ಎಷ್ಟು ಮತಕ್ಕೆ ಹೋಯಿತು, ಒಂದೊಂದು ಪಕ್ಷಕ್ಕೂ ಅಲ್ಲಿ ಎಷ್ಟು ಬಂದಿತ್ತು, ಆ ಪಕ್ಷ ಇಲ್ಲದಿದ್ದರೆ ಕೂಟ ಆ ಗೆರೆಯಿಂದ ಕೆಳಗಿಳಿಯುತ್ತದಾ. ಮೂರನೆಯದರಲ್ಲೇ ಸಣ್ಣ ಪಕ್ಷದ ಬಲ ಇರುವುದು. 1,900 ಮತದ ಪಕ್ಷ ಕೈಕೊಟ್ಟರೆ ಕೂಟ 6,000ಕ್ಕೆ ಇಳಿಯುತ್ತದೆ, ಆಗಲೂ ಸೀಟು ಉಳಿಯುತ್ತದೆ. ಹಾಗಿರುವಾಗ ಆ ಪಕ್ಷದ ಬೆದರಿಕೆಗೆ ಯಾರೂ ಸೊಪ್ಪು ಹಾಕಲ್ಲ. 3,400ರ ಪಕ್ಷ ಹೊರಟರೆ ಉಳಿಯುವುದು 4,500, ಅಂದರೆ ಊ ಪಟ್ಟಿಗೆ ಸರಿಸಮ. ಅದರ ಮಾತಿಗೆ ತೂಕ ಇದೆ.

ಮಹಿಳಾ ಪ್ರಾತಿನಿಧ್ಯದ ಏಟೂ ಇಲ್ಲೇ ಬಿತ್ತು. 2011ರ ನಿಯಮದಂತೆ ಪಟ್ಟಿಯಲ್ಲಿ ಗಂಡು ಹೆಣ್ಣು ಒಂದರ ಕೆಳಗೆ ಒಂದು ಬರಲೇಬೇಕು. ತಲೆಯಲ್ಲಿ ಯಾರು ಅನ್ನುವುದು ಪಕ್ಷಕ್ಕೆ ಬಿಟ್ಟದ್ದು. ಬಹುತೇಕ ಪಕ್ಷಗಳು ಗಂಡಸರನ್ನೇ ಮೇಲಿಟ್ಟವು; ಒಂದೇ ಸೀಟು ಗೆದ್ದ ಕಡೆ ಎರಡನೇ ಹೆಸರಿನ ಹೆಂಗಸರಿಗೆ ಸರದಿಯೇ ಬರಲಿಲ್ಲ. ಆರಿಸಿ ಬಂದ 49 ಮಹಿಳೆಯರಲ್ಲಿ 42 ಮಂದಿ ಎನ್ನಹ್ದಾದವರು. ಒಂದೇ ಕ್ಷೇತ್ರದಲ್ಲಿ ಎರಡು ಮೂರು ಸೀಟು ಗೆಲ್ಲುವ ಶಕ್ತಿ ಇದ್ದದ್ದು ಅವರಿಗೇ ತಾನೆ. ಸಮಾನತೆಯ ಬಗ್ಗೆ ಅತಿ ಹೆಚ್ಚು ಮಾತಾಡಿದ ಎಡದ ಪಟ್ಟಿಗಳಿಂದ ಬಂದ ಹೆಂಗಸರು ಬೆರಳೆಣಿಕೆ.

---

ಯಶವಂತಪುರ ಪ್ಯಾಸೆಂಜರ್:

ಒಡೆದದ್ದರ ಬಗ್ಗೆ. ಸಿದ್ಧಾಂತವೋ ಕುರ್ಚಿಯೋ ಅಂತ ಕೇಳಿದಿರಿ. ಹಂಚಲಾಗದ ಕುರ್ಚಿ ಅಂತ ಬರೆದುಕೊಳ್ಳಿ.

33 ತಲೆಗಳನ್ನು ಹೇಗೋ ಹಂಚಬಹುದು, ಅಧ್ಯಕ್ಷ ಅಭ್ಯರ್ಥಿ ಮಾತ್ರ ಒಬ್ಬರೇ. 2014ರ ನವೆಂಬರ್ 23ರ ಅಧ್ಯಕ್ಷ ಚುನಾವಣೆಯಲ್ಲಿ ಹಮ್ಮಾಮಿಗೆ ಶೇ. 7.8, ಮೂರನೇ ಸ್ಥಾನ. ಒಂದೇ ತಿಂಗಳ ಹಿಂದೆ ರಂಗದ ಪಟ್ಟಿಗಳಿಗೆ ಬಂದದ್ದು ಶೇ. 3.6. ಈ ಎರಡು ಅಂಕಿಯನ್ನು ಎರಡೂ ಬಣ ತಮಗೆ ಬೇಕಾದ ಹಾಗೆ ಓದಿಕೊಂಡವು. ಕಾರ್ಮಿಕರ ಪಕ್ಷ, ನೋಡಿ, ನಮ್ಮ ನಾಯಕರು ರಂಗಕ್ಕಿಂತ ದೊಡ್ಡವರು ಅಂದಿತು. ಡೆಮಾಕ್ರಟಿಕ್ ಪೇಟ್ರಿಯಟ್ಸ್‌ನವರು, ಆ ಮತ ರಂಗದ್ದು, ಮುಂದಿನ ಸರದಿ ನಮ್ಮದು ಅಂದರು. 2019ಕ್ಕೆ ಅವರು ಮುಂದಿಟ್ಟ ಹೆಸರು ಮೊಂಜಿ ರಹೂಯಿ. ಒಮ್ಮತ ಬರದಿದ್ದರೆ ತೀರ್ಮಾನ ಹೇಗೆ, ಪಕ್ಷಕ್ಕೊಂದು ಮತವೋ ಸಂಸದರ ಎಣಿಕೆಯೋ ಕಾರ್ಯಕರ್ತರ ಮತದಾನವೋ, ಇದು ಇಬ್ಬರೂ ಒಪ್ಪುವ ಹಾಗೆ ಮೊದಲೇ ಇತ್ಯರ್ಥ ಆಗಿರಲಿಲ್ಲ.

ಆಮೇಲಿನದು ಬರೀ ಎಣಿಕೆ. 2019ರ ಮೇ ಕೊನೆಯಲ್ಲಿ 15 ಸಂಸದರಲ್ಲಿ 9 ಮಂದಿ ಸದನದ ಗುಂಪಿಗೆ ರಾಜೀನಾಮೆ ಕೊಟ್ಟರು. ಗುಂಪು ಅನಿಸಿಕೊಳ್ಳಲು ಆಗ ಕನಿಷ್ಠ 7 ಜನ ಬೇಕಿತ್ತು. ಉಳಿದವರು 6. ಗುಂಪು ತಾನಾಗಿ ವಿಸರ್ಜನೆ.

ಅದರ ಮೇಲೆ ವೇಳಾಪಟ್ಟಿಯೂ ಕೈಕೊಟ್ಟಿತು. ಮೂಲ ಯೋಜನೆಯಲ್ಲಿ ಸಂಸತ್ ಚುನಾವಣೆ ಅಕ್ಟೋಬರ್ 6, ಅಧ್ಯಕ್ಷ ಚುನಾವಣೆ ನವೆಂಬರ್ 17. ಜುಲೈ 25ರಂದು ಅಧ್ಯಕ್ಷ ಎಸ್ಸೆಬ್ಸಿ ತೀರಿಕೊಂಡರು, ಅಧ್ಯಕ್ಷ ಚುನಾವಣೆ ಸೆಪ್ಟೆಂಬರ್ 15ಕ್ಕೆ ಮುಂದಕ್ಕೆ ಬಂತು. ರಹೂಯಿ, ಹಮ್ಮಾಮಿ ಇಬ್ಬರೂ ನಿಂತರು, ಇಬ್ಬರಿಗೂ ಶೇ. 1ಕ್ಕಿಂತ ಕಡಿಮೆ. ಆ ಮುಖಭಂಗ ಆಗಿ ಮೂರು ವಾರಕ್ಕೆ ಸಂಸತ್ ಪಟ್ಟಿಗೆ ಮತ ಕೇಳಲು ಹೋಗಬೇಕಾಯಿತು.

ಸಿದ್ಧಾಂತದ ಬಿರುಕು ಇರಲೇ ಇಲ್ಲ ಅಂತಲ್ಲ. 2013ರ ಫೆಬ್ರವರಿ 6ರಂದು ಬೆಲಾಯಿದ್, ಜುಲೈ 25ರಂದು ಮೊಹಮ್ಮದ್ ಬ್ರಾಹ್ಮಿ, ರಂಗದ ಇಬ್ಬರು ನಾಯಕರ ಹತ್ಯೆಯಾಯಿತು. ಆ ಬಿಸಿಯಲ್ಲಿ ರಂಗವು ಎನ್ನಹ್ದಾ ಸರ್ಕಾರದ ವಿರುದ್ಧ ಎಸ್ಸೆಬ್ಸಿ ಕಟ್ಟಿದ ನಿದಾ ತೂನಿಸ್ ಪಕ್ಷದ ಜೊತೆ ರಾಷ್ಟ್ರೀಯ ರಕ್ಷಣಾ ರಂಗದಲ್ಲಿ ಕೈಜೋಡಿಸಿತು. ನಿದಾದಲ್ಲಿ ಹಳೇ ಆಡಳಿತದವರೂ ಇದ್ದರು. ಕ್ರಾಂತಿಯ ಹೆಸರು ಹೇಳುವವರು ಹಳೇ ಆಡಳಿತದವರ ಪಕ್ಕ ಕೂತದ್ದು ಹಲವರಿಗೆ ಹಿಡಿಸಲಿಲ್ಲ; ಇನ್ನು ಕೆಲವರು ಎನ್ನಹ್ದಾವನ್ನು ಸೋಲಿಸುವುದೇ ಗುರಿಯಾದರೆ ನೇರ ನಿದಾಗೇ ಹಾಕೋಣ ಅಂದುಕೊಂಡರು. ನಿದಾ 86 ಸೀಟು ಗೆದ್ದು, 2015ರಲ್ಲಿ ಅದೇ ಎನ್ನಹ್ದಾವನ್ನು ಸರ್ಕಾರಕ್ಕೆ ಸೇರಿಸಿಕೊಂಡಿತು. ಜನರಂಗ ವಿರೋಧಪಕ್ಷದಲ್ಲಿ ಕೂತಿತು. ಆದರೂ ಈ ಬಿರುಕುಗಳ ನಡುವೆಯೇ ರಂಗ ಮತ್ತೆ ನಾಲ್ಕು ವರ್ಷ ಬಾಳಿತು ಅನ್ನುವುದನ್ನು ಮರೀಬೇಡಿ. ಮುರಿದದ್ದು ಒಂದೇ ಹೆಸರು ಬರೆಯಬೇಕಾದ ಕಾಗದ ಮುಂದೆ ಬಂದಾಗ.

---

ಹೊಸೂರು ರೋಡ್ ಸಿಗ್ನಲ್:

ಹೋಲಿಕೆಗೆ ನೇಪಾಳ ತಗೊಳ್ಳಿ, ಅಂಕಿಗಳು ಸ್ಫಟಿಕದಷ್ಟು ಸ್ಪಷ್ಟ. 2017ರ ಅಕ್ಟೋಬರ್ 3ರಂದು ಎಮಾಲೆ (ಯುಎಂಎಲ್) ಮತ್ತು ಮಾವೋವಾದಿ ಕೇಂದ್ರ, ಎರಡೂ ಕಮ್ಯುನಿಸ್ಟ್ ಪಕ್ಷಗಳು, ಮೈತ್ರಿ ಘೋಷಿಸಿದವು. ಅದೇ ವರ್ಷದ ಸ್ಥಳೀಯ ಚುನಾವಣೆಯಲ್ಲಿ 753 ಪಾಲಿಕೆಗಳ ಮುಖ್ಯಸ್ಥ ಸ್ಥಾನಗಳಲ್ಲಿ ಎಮಾಲೆಗೆ 294, ನೇಪಾಳಿ ಕಾಂಗ್ರೆಸ್‌ಗೆ 266, ಮಾವೋವಾದಿಗಳಿಗೆ 106. ಯಾರ ಬಲ ಎಷ್ಟು ಅನ್ನುವುದಕ್ಕೆ ತಾಜಾ ಲೆಕ್ಕ ಮೇಜಿನ ಮೇಲೇ ಇತ್ತು. ನೇರ ಚುನಾವಣೆಯ 165 ಸೀಟಿಗೆ 60:40 ಸೂತ್ರ, ಅಂದರೆ ಹೆಚ್ಚೂಕಡಿಮೆ 99:66. ಮಾವೋವಾದಿಗಳಿಗೆ ಅವರ ಬಲಕ್ಕಿಂತ ಹೆಚ್ಚೇ ಬಿಟ್ಟುಕೊಟ್ಟರು.

ಫಲಿತಾಂಶ: ನೇರ ಸೀಟು ಎಮಾಲೆ 80, ಮಾವೋವಾದಿ 36, ಒಟ್ಟು 116. ಕಾಂಗ್ರೆಸ್ 23. ಅನುಪಾತದ ಮತ (ಅಭ್ಯರ್ಥಿಗಲ್ಲ, ಪಕ್ಷಕ್ಕೆ ಹಾಕುವುದು) ನೋಡಿದರೆ ಎಮಾಲೆ ಶೇ. 33.25, ಕಾಂಗ್ರೆಸ್ ಶೇ. 32.78! ಎರಡಕ್ಕೂ ಅರ್ಧ ಶೇಕಡಾ ವ್ಯತ್ಯಾಸ. ಅನುಪಾತದ 110ರಲ್ಲಿ ಎಮಾಲೆ 41, ಕಾಂಗ್ರೆಸ್ 40. ಮೈತ್ರಿಯ ಪೂರ್ತಿ ಫಲ ನೇರ ಸೀಟಿನಲ್ಲೇ.

ಮತ ವರ್ಗಾವಣೆ ಹೇಗೆ ಸಾಧ್ಯವಾಯಿತು ಅನ್ನುವುದು ಮುಖ್ಯ. ಅದೇ ವರ್ಷ ಭರತಪುರದ ಮೇಯರ್ ಸ್ಥಾನಕ್ಕೆ ಮಾವೋವಾದಿ ಅಭ್ಯರ್ಥಿ ರೇಣು ದಾಹಾಲ್ ಕಾಂಗ್ರೆಸ್ ಬೆಂಬಲದಿಂದ ಎಮಾಲೆಯನ್ನು 203 ಮತದಿಂದ ಸೋಲಿಸಿದ್ದರು. ಕೆಲವೇ ವಾರಗಳಲ್ಲಿ ಅದೇ ಎಮಾಲೆ ಜೊತೆ ಮೈತ್ರಿ. ನಮ್ಮಲ್ಲಿ ಆಗಿದ್ದರೆ? 2019ರ ಲೋಕಸಭೆಗೆ ಕಾಂಗ್ರೆಸ್ 21, ಜೆಡಿಎಸ್ 7 ಅಂತ ಹಂಚಿಕೊಂಡು ಇಬ್ಬರೂ ಒಂದೊಂದು ಗೆದ್ದರು. ಹಳೇ ಮೈಸೂರು ಭಾಗದಲ್ಲಿ ದಶಕಗಳಿಂದ ಎದುರುಬದುರು ನಿಂತ ಕಾರ್ಯಕರ್ತರಿಗೆ ಇನ್ನೊಬ್ಬರ ಚಿಹ್ನೆಯ ಗುಂಡಿ ಒತ್ತಿ ಅಂದರೆ ಬೆರಳು ಹೋಗಲಿಲ್ಲ.

ನೇಪಾಳದ ಮತದಾರನ ಕೈಯಲ್ಲಿ ಎರಡು ಬಗೆಯ ಮತ ಇತ್ತು. ನೇರ ಸ್ಪರ್ಧೆಯ ಮತ ಮಿತ್ರಪಕ್ಷದ ಅಭ್ಯರ್ಥಿಗೆ, ಅನುಪಾತದ ಮತ ಸ್ವಂತ ಪಕ್ಷದ ಚಿಹ್ನೆಗೆ. ಅನುಪಾತದಲ್ಲಿ ಇಬ್ಬರೂ ಬೇರೆಬೇರೆಯೇ ನಿಂತದ್ದು ಜಾಣತನ. ಎಮಾಲೆಯ ಸೂರ್ಯನಿಗೆ ಒತ್ತುವವನು ಅಲ್ಲಿ ಒತ್ತಿ ಸಮಾಧಾನ ಮಾಡಿಕೊಂಡ. ಜೊತೆಗೆ ಏಳು ಪ್ರಾಂತ್ಯಗಳ ವಿಧಾನಸಭೆಗೂ ಅದೇ ದಿನ ಮತದಾನ ಇದ್ದುದರಿಂದ ಹಂಚಲು ಹುದ್ದೆಗಳು ಬೇಕಾದಷ್ಟಿದ್ದವು. ಗೆದ್ದ ಆರು ಪ್ರಾಂತ್ಯಗಳಲ್ಲಿ ಮುಖ್ಯಮಂತ್ರಿ ಪದವಿ ಎಮಾಲೆಗೆ 4, ಮಾವೋವಾದಿಗಳಿಗೆ 2.

2018ರ ಮೇ 17ಕ್ಕೆ ಎರಡೂ ಪಕ್ಷ ವಿಲೀನ, ಇಬ್ಬರು ಅಧ್ಯಕ್ಷರು. ಪ್ರಧಾನಿ ಕುರ್ಚಿ ಮಾತ್ರ ಒಂದು. ಎಮಾಲೆಯ ಓಲಿ ಮತ್ತು ಮಾವೋವಾದಿಗಳ ಪ್ರಚಂಡರ ಜಗಳ ಸಂಸತ್ ವಿಸರ್ಜನೆವರೆಗೆ ಹೋಯಿತು, 2021ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ವಿಲೀನವನ್ನೇ ರದ್ದು ಮಾಡಿತು. ಕಾರಣ ಕೇಳಿದರೆ ನಗ್ತೀರಿ: ಆ ಹೆಸರು ಆಗಲೇ ಇನ್ನೊಂದು ಪಕ್ಷಕ್ಕೆ ನೋಂದಣಿಯಾಗಿತ್ತು.

---

ಗಾಂಧಿಬಜಾರ್ ಗಿರಾಕಿ:

ಸಿಗ್ನಲ್ ಸರ್, 2017 ಅಂದರೆ ರಾಜನ ವಿರುದ್ಧದ 2006ರ ಜನಾಂದೋಲನ ಆಗಿ 11 ವರ್ಷ. ಅದನ್ನು 'ಕ್ರಾಂತಿಯ ನಂತರದ ಮೈತ್ರಿ' ಅನ್ನುವುದು ಎಳೆದಾಟ. ಕ್ರಾಂತಿಯ ಬೆನ್ನಿಗೇ ಆದದ್ದು ಬೇಕಿದ್ದರೆ 1990 ನೋಡಿ. ನೇಪಾಳದ ಎಡಪಕ್ಷಗಳ ಕೂಟವಾದ ಸಂಯುಕ್ತ ವಾಮ ಮೋರ್ಚಾ ನೇಪಾಳಿ ಕಾಂಗ್ರೆಸ್ ಜೊತೆ ಸೇರಿ ಪಂಚಾಯತ್ ವ್ಯವಸ್ಥೆಯನ್ನು, ಅಂದರೆ ಪಕ್ಷಗಳೇ ಇಲ್ಲದ ರಾಜನ ಆಡಳಿತವನ್ನು, ಉರುಳಿಸಿತು, 1991ರ ಮೇ ಚುನಾವಣೆ ಹೊತ್ತಿಗೆ ಮೋರ್ಚಾ ಉಳಿದಿರಲಿಲ್ಲ. ಅದರೊಳಗಿನ ಎರಡು ಪಕ್ಷ ಜನವರಿಯಲ್ಲಿ ಸೇರಿ ಎಮಾಲೆ ಆಯಿತು, 205ರಲ್ಲಿ 69 ಗೆದ್ದಿತು, ಕಾಂಗ್ರೆಸ್ 110.

ಇನ್ನೊಂದು, ಪೋರ್ಚುಗಲ್. 1974ರ ಏಪ್ರಿಲ್ 25ರ ಕ್ರಾಂತಿ ಆಗಿ ಸರಿಯಾಗಿ ವರ್ಷಕ್ಕೆ ಸಂವಿಧಾನ ಸಭೆ ಚುನಾವಣೆ: 250ರಲ್ಲಿ ಸೋಷಲಿಸ್ಟರು 116, ಕಮ್ಯುನಿಸ್ಟರು 30. ಕೂಡಿದರೆ ಸ್ಪಷ್ಟ ಬಹುಮತ, ಕೂಡಲಿಲ್ಲ. ಕಮ್ಯುನಿಸ್ಟರು ಆಮೇಲೆ ಸಣ್ಣ ಎಡ ಗುಂಪುಗಳನ್ನು ಸೇರಿಸಿಕೊಂಡು ಮೊದಲು 1976ರ ಸ್ಥಳೀಯ ಚುನಾವಣೆಯಲ್ಲಿ, ಮತ್ತೆ 1979ರ ಸಂಸತ್ ಚುನಾವಣೆಯಲ್ಲಿ ಕೂಟ ಕಟ್ಟಿದರು. ಸೋಷಲಿಸ್ಟರು ಹೊರಗೇ. 1979ರಲ್ಲಿ ಏನಾಯಿತು ನೋಡಿ: ಸೋಷಲಿಸ್ಟರಿಗೆ ಶೇ. 27.3 ಮತ್ತು 74 ಸೀಟು, ಕಮ್ಯುನಿಸ್ಟ್ ಕೂಟಕ್ಕೆ ಶೇ. 18.8 ಮತ್ತು 47, ತೀವ್ರ ಎಡದ ಯುಡಿಪಿಗೆ ಶೇ. 2.2 ಮತ್ತು 1. ಒಟ್ಟು ಶೇ. 48ರ ಮೇಲೆ, ಸೀಟು 122. ಬಲಪಂಥೀಯರು ಚುನಾವಣೆಗೆ ಮೊದಲೇ ಒಂದಾಗಿ ಸುಮಾರು ಶೇ. 45 ಮತಕ್ಕೆ 128 ಸೀಟು, ಸರ್ಕಾರ. ಅಲ್ಲಿ ಡಿಹಾಂಟ್. ಬುಕ್ಕು ಅವರ ಎರಡನೇ ಲೆಕ್ಕ ಒಂದು ಇಡೀ ದೇಶದಲ್ಲಿ ನಡೆದದ್ದು ಇದು.

---

ಹೊಸೂರು ರೋಡ್ ಸಿಗ್ನಲ್:

1990ರ ಮಾತು ಒಪ್ಪಿದೆ. 2017 ಹಾಕಿದ್ದು ಸೂತ್ರದ ಸ್ಪಷ್ಟತೆಗೆ, ಕಾಲಮಾನಕ್ಕಲ್ಲ.

---

ಜ್ಞಾನಭಾರತಿ ಬೆಂಚು:

ಎಲ್ಲರಿಗೂ ಧನ್ಯವಾದ. ಕೊನೇ ಅನುಮಾನ: 2019ರಲ್ಲಿ ಟ್ಯುನೀಶಿಯಾದ ನಿಯಮ ಏನಾದರೂ ಬಿಗಿಯಾಗಿ ಸಣ್ಣ ಪಕ್ಷಗಳಿಗೆ ಏಟು ಬಿತ್ತಾ? ಪ್ರೊಫೆಸರ್ ಖಂಡಿತ ಕೇಳ್ತಾರೆ.

---

ಲೆಕ್ಕದ ಬುಕ್ಕು:

ಇಲ್ಲ. 217 ಸೀಟು, 33 ಕ್ಷೇತ್ರ, ದೊಡ್ಡ ಶೇಷ, ಹೊಸ್ತಿಲಿಲ್ಲ, ಎಲ್ಲ ಹಾಗೇ ಇತ್ತು. ಪುರಾವೆ ಬೇಕಿದ್ದರೆ ಜನತಾ ಚಳವಳಿ, ಅಂದರೆ ಎಶ್ಶಾಬ್ ಪಕ್ಷದ ಸಾಲನ್ನು ಪಕ್ಕದಲ್ಲಿ ಹಾಕಿ. ಅರಬ್ ರಾಷ್ಟ್ರೀಯವಾದಿಗಳು, ಬ್ರಾಹ್ಮಿ ಮೊದಲಿದ್ದ ಪಕ್ಷ. 2011ರಲ್ಲಿ 2, 2014ರಲ್ಲಿ 3, 2019ರಲ್ಲಿ ಒಬ್ಬರೇ ನಿಂತು 15. ಜನರಂಗ 15ರಿಂದ 1ಕ್ಕೆ ಇಳಿದ ಅದೇ ಚುನಾವಣೆ, ಅದೇ ಲೆಕ್ಕ.

ಹೋಲಿಸುವಾಗ ಒಂದು ಎಚ್ಚರ. 2011ರ ಎಡಮತ ಕೂಡಿಸುವಾಗ 5 ಸೀಟು ಗೆದ್ದ ಮಾಡರ್ನಿಸ್ಟ್ ಪೋಲ್ ಕೂಟದ ಮತವನ್ನು ಜನರಂಗದ ಖಾತೆಗೆ ಹಾಕಬೇಡಿ. ಅದರ ನಡುಗಂಬವಾಗಿದ್ದ ಎತ್ತಜ್ದೀದ್, ಹಳೇ ಕಮ್ಯುನಿಸ್ಟ್ ಪಕ್ಷದ ವಾರಸುದಾರ, ಮುಂದೆ ಅಲ್ ಮಸಾರ್ ಆಗಿ ಜನರಂಗದಿಂದ ಹೊರಗೇ ಉಳಿಯಿತು. 2014ರಲ್ಲಿ ಯೂನಿಯನ್ ಫಾರ್ ಟ್ಯುನೀಶಿಯಾ ಅನ್ನುವ ಬೇರೆ ಕೂಟದಲ್ಲಿ ನಿಂತು ಒಂದೂ ಗೆಲ್ಲಲಿಲ್ಲ. ಕೋಷ್ಟಕದಲ್ಲಿ ಅದಕ್ಕೆ ಬೇರೆ ಸಾಲು ಕೊಡಿ.